ರಾಗಿ ಕಣದಲ್ಲಿ ಪಿ.ಟಿ. ಕ್ಲಾಸು

ಪುರವರದ ಕೆಂಚಮ್ಮನ ಮನೆಗೆ ಸೊಸೆಯಾಗಿ ಬಂದ ದಿನ ಲೋಹಿತಾಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಗಾಳಿ ಬಿಟ್ಟು ಮಡಿಸಿಟ್ಟ ಒಂದು ವಾಲಿಬಾಲ್ ಇತ್ತು. ಸೀರೆ ತೆಗೆದಿಡಲು ಹೋದ ಕೆಂಚಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನವ್ವ ಇದು, ಎಣ್ಣೆ ಬುಡ್ಡಿ ಇಕ್ಕೋ ಚೀಲಾನಾ?" ಎಂದು ಕೇಳಿದ್ದಳು. ಲೋಹಿತಾ ತಲೆ ತಗ್ಗಿಸಿ, "ಚೆಂಡು ಅತ್ತೆ" ಎಂದಳು. "ಮಕ್ಕಳಾದ ಮ್ಯಾಲೆ ಆಡ್ಕಳ್ಳಕ್ಕೆ ಬತ್ತದೆ ಬುಡು" ಎಂದು ಕೆಂಚಮ್ಮ ಅದನ್ನು ಅಟ್ಟಕ್ಕೆ ಎಸೆದಳು.

ಲೋಹಿತಾ ಸಿರಾ ತಾಲ್ಲೂಕಿನ ಹುಡುಗಿ. ಅಪ್ಪ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ತಾಯಿ ಅವಳು ಪಿಯುಸಿಯಲ್ಲಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದಳು. ಹೈಸ್ಕೂಲಿನಲ್ಲಿ ಅವಳನ್ನು ವಾಲಿಬಾಲ್ ತಂಡಕ್ಕೆ ಸೇರಿಸಿಕೊಂಡದ್ದು ಎತ್ತರ ನೋಡಿ ಅಲ್ಲ, ಎತ್ತರ ಅಂಥದ್ದೇನೂ ಇರಲಿಲ್ಲ. ಅವಳ ಬೆರಳುಗಳಿಗೆ ಚೆಂಡು ನೋವಾಗದ ಹಾಗೆ ಬಂದು ಕೂತು, ಹಾಗೆಯೇ ಮೇಲೆ ಹೋಗುತ್ತಿತ್ತು. ಹೊಡೆಯುವವರಿಗೆ ಚೆಂಡನ್ನು ಎತ್ತಿ ಕೊಡುವ ಲಿಫ್ಟರ್ ಅವಳು. ಪಾಯಿಂಟ್ ಬಂದಾಗ ಜನ ಹೊಡೆದವಳ ಹೆಸರು ಕೂಗುತ್ತಿದ್ದರು. ಲೋಹಿತಾಳಿಗೆ ಅದರಿಂದ ಯಾವತ್ತೂ ಬೇಜಾರಾದದ್ದಿಲ್ಲ.

ಮದುವೆ ಮಾತು ಬಂದಾಗ ಅವಳು ರಂಗೇಶನನ್ನು ಕೇಳಿದ್ದು ಒಂದೇ. "ನಾನು ಬಿ.ಪಿ.ಎಡ್ ಮಾಡಬೇಕು. ಪಿ.ಟಿ. ಮೇಡಂ ಆಗಬೇಕು." ಪಾವಗಡದ ಆಚೆ ಕ್ಯಾತಗಾನಚೆರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದ, ವಾರದ ರಜೆಗೆ ಮಾತ್ರ ಊರಿಗೆ ಬರುತ್ತಿದ್ದ ಆ ಹುಡುಗ ತಕ್ಷಣ ಹೂಂ ಅಂದುಬಿಟ್ಟ. ಹೂಂ ಅಂದದ್ದನ್ನು ತಾಯಿಗೆ ಹೇಳುವ ಧೈರ್ಯ ಮಾತ್ರ ಅವನಿಗೆ ಬಂದದ್ದು ಕಾಲೇಜಿಗೆ ಸೀಟು ಸಿಕ್ಕ ಮೇಲೆ.

"ಓದಿದ್ರೆ ಲೆಕ್ಕದ ಮೇಡಮ್ಮೋ ಕನ್ನಡದ ಮೇಡಮ್ಮೋ ಆಗೋ ಓದು ಓದ್ಲಿ ಕಣ್ಲಾ ರಂಗ" ಎಂದಳು ಕೆಂಚಮ್ಮ. "ಕುಣಿಯಾಕೂ ಒಂದು ಕಾಲೇಜಾ?"

ಆದರೂ ಆ ಜನವರಿಯಿಂದ ಲೋಹಿತಾ ಬೆಳಗಿನ ಬಸ್ಸು ಹಿಡಿದು ಕೊರಟಗೆರೆ ಮೇಲೆ ತುಮಕೂರಿಗೆ ಹೋಗತೊಡಗಿದಳು. ಕೆಂಚಮ್ಮ ಗೊಣಗುತ್ತಲೇ ಅವಳ ಡಬ್ಬಿಗೆ ಮುದ್ದೆಯ ಬದಲು ರೊಟ್ಟಿ ಕಟ್ಟಿಕೊಡುತ್ತಿದ್ದಳು, ಬಸ್ಸಿನಲ್ಲಿ ತಿನ್ನಲು ಸಲೀಸು ಎಂದು. ಮೂರು ತಿಂಗಳು ಕಳೆದಿತ್ತೋ ಇಲ್ಲವೋ, ಕೊರೊನಾ ಎರಡನೇ ಸಲ ಬಂತು. ಕಾಲೇಜಿಗೆ ಬೀಗ ಬಿತ್ತು. ಅದೇ ವಾರ ಲೋಹಿತಾಳಿಗೆ ತಾನು ಬಸುರಿ ಎಂದು ಗೊತ್ತಾಯಿತು.

ಮನೆಯಲ್ಲಿ ಎಲ್ಲರಿಗೂ ಸಂತೋಷ. ಅವಳಿಗೂ ಸಂತೋಷವೇ. ಆದರೆ ಅದರ ಬೆನ್ನಿಗೇ ಒಂದು ಅಳುಕು ಕೂತಿತ್ತು. ಹಿಂದಿನ ಬ್ಯಾಚಿನಲ್ಲಿ ಬಸುರಾದ ಒಬ್ಬಳನ್ನು ಆಫೀಸಿನವರು ಕರೆದು, "ಓಡೋಕೆ ಆಗದವರಿಗೆ ಈ ಕೋರ್ಸು ಯಾಕಮ್ಮ, ಹೆರಿಗೆ ಆದಮೇಲೆ ನೋಡೋಣ" ಎಂದು ಮನೆಗೆ ಕಳಿಸಿದ್ದರಂತೆ. ಆಕೆ ಮತ್ತೆ ಬರಲೇ ಇಲ್ಲವಂತೆ. ಲೋಹಿತಾ ಈ ಮಾತನ್ನು ಕ್ಯಾಂಟೀನಿನಲ್ಲಿ ಕೇಳಿದ್ದಳು. ಕೇಳಿದಾಗ ಅದು ಬೇರೆಯವರ ಕತೆಯಾಗಿತ್ತು.

ಕ್ಲಾಸುಗಳು ಮೊಬೈಲಿಗೆ ಬಂದವು. ಕಾಲೇಜಿನವರು ಲಿಂಕು ಕಳಿಸುತ್ತಿದ್ದರು, ಒತ್ತಿದರೆ ಪರದೆಯ ಮೇಲೆ ಸಣ್ಣ ಸಣ್ಣ ಚೌಕದಲ್ಲಿ ಎಲ್ಲರ ಮುಖ. ಲೋಹಿತಾ ಅತ್ತೆಯ ಮುಂದೆ ಕೂತು ಹೇಳಿದಳು. "ಅತ್ತೆ, ಫೋನಲ್ಲಿ ಸೊಂಟದಿಂದ ಮೇಲೆ ಮಾತ್ರ ಕಾಣುತ್ತೆ. ನಾನು ಬಸುರಿ ಅನ್ನೋದು ಕಾಲೇಜಿಗೆ ಗೊತ್ತಾಗೋದು ಬೇಡ. ಗೊತ್ತಾದರೆ ಒಂದು ವರ್ಷ ಹೋಗುತ್ತೆ."

"ಒಂದ್ ವರ್ಸ ಹೋದ್ರೆ ಹೋಗ್ಲಿ. ಊರು ಮುಳುಗೋಯ್ತದಾ?"

"ಹೋದ ವರ್ಷ ವಾಪಸ್ ಬರಲ್ಲ ಅತ್ತೆ. ನಂಗೊತ್ತು."

ಕೆಂಚಮ್ಮ ಸೊಸೆಯ ಮುಖವನ್ನೇ ನೋಡಿದಳು. ತಾಯಿಯಿಲ್ಲದ ಹುಡುಗಿ. ಮೊದಲ ಹೆರಿಗೆಗೆ ಹೋಗಲು ತವರಿನಲ್ಲಿ ನೋಡಿಕೊಳ್ಳುವವರಿಲ್ಲ, ಎಲ್ಲವನ್ನೂ ತನ್ನ ಹತ್ತಿರವೇ ಹೇಳಿಕೊಳ್ಳಬೇಕು. "ಆಯ್ತು ಬುಡು. ನಾನ್ಯಾಕೆ ಬಾಯಿ ಬುಡ್ಲಿ" ಎಂದಳು.

ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಿತ್ತಿಲು, ಕೊಟ್ಟಿಗೆ, ಅಟ್ಟ ಎಲ್ಲವನ್ನೂ ಹುಡುಕಿ ಕೊನೆಗೆ ಹೊಲದ ಅಂಚಿನ ಕಣದಲ್ಲಿ ಚೆನ್ನಾಗಿ ಸಿಕ್ಕಿತು. ರಾಗಿ ಒಕ್ಕಣೆ ಮುಗಿದು ಖಾಲಿಯಾಗಿದ್ದ ಕಣ. ಸಗಣಿ ಸಾರಿಸಿ ಗಟ್ಟಿಯಾದ ನೆಲ, ಪಕ್ಕದಲ್ಲಿ ಹುಲ್ಲಿನ ಬಣವೆ, ಒಂದು ಹೊಂಗೆ ಮರ. ಮರದ ಕವಲಿಗೆ ಮೊಬೈಲನ್ನು ಹಳೇ ಪಂಚೆಯ ಅಂಚಿನಲ್ಲಿ ಕಟ್ಟಿ ನಿಲ್ಲಿಸಿದರೆ ಸರಿಯಾಗಿ ಎದೆಯ ಎತ್ತರಕ್ಕೆ ಬರುತ್ತಿತ್ತು. ಬಸುರಿ ಒಬ್ಬಳೇ ಹೊಲದ ಕಡೆ ಇರಬಾರದೆಂದು ಕೆಂಚಮ್ಮ ತಾನೂ ಜೊತೆಗೆ ಬಂದು, ಬಿತ್ತನೆಯ ಕಡಲೆಕಾಯಿ ಬಿಡಿಸುತ್ತಾ ಬಣವೆಯ ನೆರಳಿನಲ್ಲಿ ಕೂರುತ್ತಿದ್ದಳು.

ಪಾಠ ಹೇಳುತ್ತಿದ್ದವರು ನಾಗಭೂಷಣ್ ಸರ್. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಮೈದಾನದಲ್ಲಿ ಅವರ ದನಿ ಗೇಟಿನವರೆಗೂ ಕೇಳುತ್ತಿತ್ತು. ಫೋನಿನಲ್ಲೂ ಅವರು ಅಷ್ಟೇ ಜೋರಾಗಿ ಕೂಗುತ್ತಿದ್ದರು, ತುಮಕೂರಿನಿಂದ ಪಾವಗಡಕ್ಕೆ ಬಾಯಿಂದಲೇ ತಲುಪಿಸಬೇಕು ಎನ್ನುವ ಹಾಗೆ. ಗುಂಡು ಎಸೆತ ಹೇಳಿಕೊಡಲು ತಮ್ಮ ಮನೆಯಂಗಳದಲ್ಲಿ ಸಿಪ್ಪೆ ಸುಲಿದ ತೆಂಗಿನಕಾಯಿ ಹಿಡಿದು ನಿಂತರು. ಎಸೆದದ್ದು ಎಲ್ಲಿ ಬಿತ್ತೋ ಯಾರಿಗೂ ಕಾಣಲಿಲ್ಲ, ಆದರೆ ಒಳಗಿನಿಂದ ಅವರ ಹೆಂಡತಿ ಬೈದದ್ದು ಎಲ್ಲರಿಗೂ ಕೇಳಿಸಿತು. ಇತ್ತ ವಿದ್ಯಾರ್ಥಿಗಳಲ್ಲಿ ಒಬ್ಬ ಮಹಡಿಯ ಮೇಲೆ ನಿಂತು ಓಟದ ಆರಂಭ ತೋರಿಸುತ್ತಿದ್ದ, ಇನ್ನೊಬ್ಬಳು ಅಡುಗೆಮನೆಯಲ್ಲಿ ಸೂರ್ಯ ನಮಸ್ಕಾರ ಮಾಡುತ್ತಿದ್ದಳು. ಮೊಣಕೈ ಸರಿಮಾಡಿ ಎಂದು ಸರ್ ಹೇಳುವ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ಯಾರ ಮೊಣಕೈ ಅಂತ ಅವರೂ ಮರೆಯುತ್ತಿದ್ದರು.

"ಮುಟ್ಟದೆ ಹೆಂಗಮ್ಮ ಆಟ ಕಲಿಸೋದು?" ಎಂದು ಅವರು ಒಂದು ದಿನ ಪರದೆಯ ಮುಂದೆ ತಲೆ ಕೆರೆದುಕೊಂಡರು. ಆಮೇಲೆ ತಾವೇ ಒಂದು ದಾರಿ ಮಾಡಿದರು. ಪ್ರತಿಯೊಬ್ಬರೂ ಮನೆಯಲ್ಲಿರುವ ಯಾರಿಗಾದರೂ ಒಂದು ವ್ಯಾಯಾಮವನ್ನು ಬರೀ ಮಾತಿನಲ್ಲಿ ಕಲಿಸಬೇಕು, ತಾನು ಮಾಡಿ ತೋರಿಸಬಾರದು. ವಿಡಿಯೋ ಮಾಡಿ ಕಳಿಸಬೇಕು.

ಲೋಹಿತಾಳಿಗೆ ಇದ್ದದ್ದು ಅತ್ತೆಯೊಬ್ಬಳೇ.

"ನಾನಾ? ಥೂ, ನಂಗೆ ನಾಚ್ಕೆ ಆಯ್ತದೆ ಹೋಗವ್ವ" ಎಂದಳು ಕೆಂಚಮ್ಮ. ಮಾರನೆಯ ದಿನ ಮಾತ್ರ ಕಣಕ್ಕೆ ಬರುವಾಗ ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು.

"ಅತ್ತೆ, ಎರಡು ಕಾಲೂ ಅಗಲ ಮಾಡಿ ನಿಂತುಕೊಳ್ಳಿ."

"ಎಷ್ಟು ಅಗಲ?"

ಲೋಹಿತಾ ಯೋಚಿಸಿದಳು. ಪುಸ್ತಕದಲ್ಲಿ ಭುಜದಷ್ಟು ಅಗಲ ಎಂದಿತ್ತು. "ಕೊಡದಲ್ಲಿ ನೀರು ಎತ್ತಕ್ಕೆ ನಿಂತುಕೊಳ್ತೀರಲ್ಲ, ಅಷ್ಟು."

ಕೆಂಚಮ್ಮ ಥಟ್ಟನೆ ನಿಂತಳು. "ಈಗ ಎರಡೂ ಕೈ ಮೇಲಕ್ಕೆ. ಅಟ್ಟದ ಮೇಲಿನ ಮಡಕೆ ಇಳಿಸೋ ಹಾಗೆ." ಬಲಗೈ ಸಲೀಸಾಗಿ ಹೋಯಿತು. ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಕೆಂಚಮ್ಮನ ಮುಖ ಕಿವುಚಿಕೊಂಡಿತು. "ಇದು ಇಷ್ಟೇ ಕಣವ್ವ. ರಂಗ ಹುಟ್ಟಿದ ವರ್ಸ ಹುಲ್ಲಿನ ಹೊರೆ ಬಿದ್ದಿದ್ದು. ಆವತ್ತಿಂದ ಇಷ್ಟೇ."

ಲೋಹಿತಾಳಿಗೆ ಮದುವೆಯಾಗಿ ಬಂದಾಗಿನಿಂದ ಅತ್ತೆ ಕುಪ್ಪಸದ ಎಡತೋಳು ಹಾಕಿಕೊಳ್ಳಲು ಒದ್ದಾಡುವುದು ಗೊತ್ತಿತ್ತು. ಯಾಕೆ ಎಂದು ಕೇಳಿರಲಿಲ್ಲ. ಆ ದಿನದಿಂದ ವಿಡಿಯೋಗೆ ಅಲ್ಲದೆಯೂ ಇಬ್ಬರೂ ಕಣದಲ್ಲಿ ಆ ಕೈಯನ್ನು ಆಡಿಸತೊಡಗಿದರು. ಗೋಡೆಯ ಬದಲು ಹೊಂಗೆಯ ಕಾಂಡದ ಮೇಲೆ ಬೆರಳು ಹತ್ತಿಸುವುದು, ಇಳಿಸುವುದು. ಕೆಂಚಮ್ಮ ನೋವಾದಾಗ ಬೈಯುತ್ತಿದ್ದಳು, ಬೈದುಕೊಂಡೇ ಮಾಡುತ್ತಿದ್ದಳು.

ಹೊಟ್ಟೆ ಬೆಳೆಯಿತು. ಲೋಹಿತಾ ದೊಗಲೆ ಟೀ ಶರ್ಟು ಹಾಕಿ, ಮೊಬೈಲನ್ನು ಇನ್ನಷ್ಟು ಮೇಲೆ ಕಟ್ಟಿದಳು. ಜಿಗಿಯುವ, ಓಡುವ ಅಭ್ಯಾಸ ಬಂದರೆ ಕ್ಯಾಮೆರಾ ಬಂದ್ ಮಾಡಿ, ನೆಟ್‌ವರ್ಕ್ ಇಲ್ಲ ಸರ್ ಎಂದು ಬರೆಯುತ್ತಿದ್ದಳು. ಸುಳ್ಳು ಹೇಳಿದ ದಿನ ಊಟ ಸೇರುತ್ತಿರಲಿಲ್ಲ. ರಂಗೇಶ ವಾರದ ರಜೆಗೆ ಬಂದಾಗ, "ಹೇಳಿಬಿಡು ಲೋಹಿ, ಏನಾಗುತ್ತೆ" ಎನ್ನುತ್ತಿದ್ದ. "ಏನಾಗುತ್ತೆ ಅಂತ ಗೊತ್ತಿದ್ದಕ್ಕೇ ಹೇಳ್ತಿಲ್ಲ ರೀ" ಎನ್ನುತ್ತಿದ್ದಳು.

ಆಗಸ್ಟಿನ ಒಂದು ಬೆಳಿಗ್ಗೆ ವಾಲಿಬಾಲ್ ರೆಫ್ರಿ ಸಂಜ್ಞೆಗಳ ಅಭ್ಯಾಸ ಇತ್ತು. ಲೋಹಿತಾ ಅದಕ್ಕಾಗಿ ಕಾದಿದ್ದಳು. ಅದಕ್ಕೆ ಕೈ ಸಾಕು, ಕಾಲು ಬೇಡ. ಎರಡೂ ಮುಂಗೈ ನೆಟ್ಟಗೆ ಎತ್ತಿದರೆ ಚೆಂಡು ಹೊರಗೆ. ತೋಳು ನೆಲದ ಕಡೆ ಚಾಚಿದರೆ ಒಳಗೆ. ನಾಲ್ಕು ಬೆರಳು ಎತ್ತಿದರೆ ನಾಲ್ಕು ಸಲ ಮುಟ್ಟಿದ್ದು. ಸರ್ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾ ಹೋದರು. ಲೋಹಿತಾ ಚೆನ್ನಾಗಿ ಮಾಡಿದಳು. ಸರ್‌ಗೆ ಖುಷಿಯಾಗಿ, "ನೋಡಿ, ಹಿಂಗೆ ಸ್ಪಷ್ಟವಾಗಿರಬೇಕು. ಲೋಹಿತಾ, ನೀವು ಹಂಗೇ ನಿಂತಿರಿ, ಎಲ್ಲರೂ ಇವರನ್ನ ನೋಡ್ಕೊಂಡು ಮಾಡಿ" ಎಂದರು. ಬಿಸಿಲು ಏರಿತು. ಹೊಂಗೆಯ ನೆರಳು ಸರಿದು ಅವಳ ನೆತ್ತಿಯ ಮೇಲೆ ನೇರ ಬಿಸಿಲು ಬಿದ್ದಿತ್ತು. ಅವಳು ತೋಳು ಎತ್ತುತ್ತಲೇ ಇದ್ದಳು, ಇಳಿಸುತ್ತಲೇ ಇದ್ದಳು.

ಮೈಕು ಆನ್ ಆಗಿತ್ತು. ಅದು ಇಬ್ಬರ ಗಮನಕ್ಕೂ ಬರಲಿಲ್ಲ.

"ಏಯ್ ಸಾಕ್ ನಿಲ್ಸವ್ವ!" ಕೆಂಚಮ್ಮ ಕಡಲೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದೇಬಿಟ್ಟಳು. "ಆರು ತಿಂಗಳ ಬಸುರಿ ಹೆಂಗ್ಸು, ಎಷ್ಟೊತ್ತು ಅಂತ ಬಿಸ್ಲಾಗೆ ನಿಲ್ಲಿಸ್ತಾನೆ ಆ ಮೇಷ್ಟ್ರು? ಅವನ ಹೆಂಡ್ತೀನ ಹಿಂಗೆ ನಿಲ್ಲಿಸಿದ್ನಾ? ಕುತ್ಕ ಬಾ ನೆಳ್ಳಲ್ಲಿ, ಮಜ್ಜಿಗೆ ಕುಡಿ!"

ಪರದೆಯ ಮೇಲೆ ಎಲ್ಲರ ಕೈಗಳೂ ಎತ್ತಿದಲ್ಲೇ ನಿಂತವು. ಯಾರೋ ಕಿಸಕ್ಕೆಂದರು. ಲೋಹಿತಾ ಓಡಿಬಂದು ಫೋನಿಗೆ ಕೈ ಹಾಕಿದಳು. ಕಟ್ಟಿದ ಪಂಚೆ ಬಿಚ್ಚಿಕೊಂಡು ಮೊಬೈಲ್ ಕೆಳಗೆ ಬಿತ್ತು, ಕ್ಲಾಸು ಕಟ್ಟಾಯಿತು.

ಏನಾಯಿತೆಂದು ಕೆಂಚಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳು ಬಣವೆಗೆ ಒರಗಿ ಕೂತುಬಿಟ್ಟಳು. "ನನ್ ಬಾಯಿಗೆ ಮಣ್ ಹಾಕ. ಎಲ್ಲಾರ್ಗೂ ಕೇಳ್ಸ್‌ಬುಡ್ತಾ?" ಎಂದು ಮತ್ತೆ ಮತ್ತೆ ಕೇಳಿದಳು. ಲೋಹಿತಾಳಿಗೆ ಅಳು ಬಂದಿತ್ತು. ಅತ್ತೆಯ ಮುಖ ನೋಡಿದಾಗ ಅತ್ತರೆ ಆಕೆ ಇನ್ನೂ ಕುಗ್ಗುತ್ತಾಳೆ ಅನ್ನಿಸಿತು. ಹೋಗಿ ಪಕ್ಕದಲ್ಲಿ ಕೂತು, ಚೊಂಬು ಎತ್ತಿ ಮಜ್ಜಿಗೆ ಕುಡಿದಳು. "ತಲೆ ತಿರುಗ್ತಿತ್ತು ಅತ್ತೆ. ನೀವು ಕೂಗದೆ ಇದ್ದಿದ್ರೆ ಬಿದ್ದೇ ಹೋಗ್ತಿದ್ದೆ" ಎಂದಳು. ಅದು ನಿಜವೂ ಆಗಿತ್ತು.

ಸಂಜೆ ನಾಗಭೂಷಣ್ ಸರ್ ಫೋನ್ ಮಾಡಿದರು. ಲೋಹಿತಾ ಎದ್ದು ನಿಂತು ಮಾತಾಡಿದಳು, ಎದುರಿಗೇ ಇದ್ದಾರೆ ಎನ್ನುವ ಹಾಗೆ. ಸರ್ ಮೊದಲ ಸಲ ಮೆಲುದನಿಯಲ್ಲಿ ಮಾತಾಡಿದರು.

"ಡಾಕ್ಟರಿಗೆ ತೋರಿಸ್ತಾ ಇದ್ದೀರೇನಮ್ಮ?"

"ಹೂಂ ಸರ್, ಮಧುಗಿರಿಗೆ ಹೋಗಿ ಬರ್ತೀವಿ. ಎಲ್ಲಾ ಚೆನ್ನಾಗಿದೆ ಅಂದಿದ್ದಾರೆ."

"ನಮ್ಮ ಹತ್ರ ಯಾಕೆ ಹೇಳಲಿಲ್ಲ?"

ಲೋಹಿತಾ ಕ್ಯಾಂಟೀನಿನಲ್ಲಿ ಕೇಳಿದ್ದನ್ನು ಹೇಳಿದಳು. "ಆ ಹುಡುಗಿ ಒಳ್ಳೇ ಓಟಗಾರ್ತಿ" ಎಂದರು ಸರ್. "ಅವಳು ಯಾಕೆ ಬರಲಿಲ್ಲ ಅಂತ ನನಗೆ ಇವತ್ತು ಗೊತ್ತಾಯ್ತು. ನೀವು ಬಿಡಬೇಡಿ. ನಾನು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ. ಓಟ, ಜಿಗಿತ ಎಲ್ಲಾ ಹೆರಿಗೆ ಆದಮೇಲೆ ಕೊನೆಯ ಪರೀಕ್ಷೆ ಹೊತ್ತಿಗೆ ಮಾಡ್ಕೊಳ್ಳಿ. ಥಿಯರಿ ಈಗಲೇ ಮುಗಿಸಿ." ಆಮೇಲೆ ತಡೆದು, "ನಿಮ್ಮ ಅತ್ತೆಯವರು ಇದ್ದಾರಾ? ಕೊಡಿ" ಎಂದರು.

ಕೆಂಚಮ್ಮ ಫೋನನ್ನು ಬೆಂಕಿಯ ಹಾಗೆ ಹಿಡಿದುಕೊಂಡಳು. "ಸ್ವಾಮಿ, ತಪ್ಪಾಯ್ತು. ಏನೋ ಬಾಯ್ ತಪ್ಪಿ..."

"ತಪ್ಪು ನಂದಮ್ಮ. ನಿಲ್ಲಿಸಿ ಮರೆತುಬಿಟ್ಟೆ. ಇನ್ಮೇಲೆ ಅವರಿಗೆ ಒಂದು ಕುರ್ಚಿ ಹಾಕಿಕೊಡಿ. ಕುರ್ಚಿ ಮೇಲೆ ಕೂತು ಮಾಡಲಿ."

ಪ್ರಿನ್ಸಿಪಾಲರು ಸುಲಭಕ್ಕೆ ಒಪ್ಪಲಿಲ್ಲವೆಂದೂ, ನಾಗಭೂಷಣ್ ಸರ್ ಎರಡು ಮೂರು ಸಲ ಅವರ ಕೋಣೆಗೆ ಹೋಗಿ ಬಂದರೆಂದೂ ಆಮೇಲೆ ಗೊತ್ತಾಯಿತು. ಕಾಲೇಜು ಮತ್ತೆ ತೆರೆದಾಗ ಬರಲಾಗದ ಕೆಲವರಿಗಾಗಿ ಥಿಯರಿ ಕ್ಲಾಸು ಫೋನಿನಲ್ಲೇ ಮುಂದುವರಿಯಿತು. ಆ ಕೆಲವರಲ್ಲಿ ಲೋಹಿತಾಳೂ ಸೇರಿದಳು. ಈಗ ಬಚ್ಚಿಡುವುದೇನೂ ಇರಲಿಲ್ಲ. ಕಣದಲ್ಲಿ ಮರದ ಕುರ್ಚಿ ಬಂತು. ಕ್ಲಾಸು ಶುರುವಾಗುವ ಮೊದಲು ಯಾರಾದರೂ ಒಬ್ಬರು, "ಅಜ್ಜಿ, ಮಜ್ಜಿಗೆ ಕೊಟ್ರಾ?" ಎಂದು ಕೇಳುವುದು ರೂಢಿಯಾಯಿತು. ಕೆಂಚಮ್ಮ ನಾಚಿ ಬಣವೆಯ ಹಿಂದಕ್ಕೆ ಸರಿಯುತ್ತಿದ್ದಳು, ಅಲ್ಲಿಂದಲೇ "ಕೊಟ್ಟೆ ಕಣಪ್ಪ" ಎಂದು ಉತ್ತರವನ್ನೂ ಕೊಡುತ್ತಿದ್ದಳು.

ನವೆಂಬರಿನ ಮಳೆಯಲ್ಲಿ ಹೆಣ್ಣು ಮಗು ಹುಟ್ಟಿತು. ತೇಜಸ್ವಿನಿ ಎಂದು ಹೆಸರಿಟ್ಟರು. ಬಾಣಂತನವನ್ನೆಲ್ಲ ಕೆಂಚಮ್ಮನೇ ಮಾಡಿದಳು. ಮಗುವಿಗೆ ಎಣ್ಣೆ ನೀವಿ ನೀರು ಹಾಕಿ, ಸೊಸೆಗೆ ಸಬ್ಬಸಿಗೆ ಸಾರು ಮಾಡಿ, ತಲೆಗೆ ಬಟ್ಟೆ ಕಟ್ಟಿಸಿ, ಗಾಳಿಗೆ ಹೋಗಬೇಡವೆಂದು ಗದರಿಸಿದಳು. ಲೋಹಿತಾ ಒಂದು ಮಧ್ಯಾಹ್ನ ಮಗುವಿಗೆ ಹಾಲೂಡುತ್ತಾ ತನ್ನ ತಾಯಿಯನ್ನು ನೆನೆದು ಸುಮ್ಮನೆ ಅತ್ತಳು. ಕೆಂಚಮ್ಮ ಬಂದು ಹಿಂದೆ ಕೂತು ಅವಳ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆದಳು. ಎರಡೂ ಕೈ ಎತ್ತಿ ಹೆಣೆಯುತ್ತಿದ್ದಳು. ಎಡಗೈ ಈಗ ಹಣೆಯ ಮಟ್ಟ ದಾಟಿ ಬರುತ್ತಿತ್ತು.

ಹೆರಿಗೆಯಾದ ಮೇಲಿನ ದಿನಗಳು ಲೋಹಿತಾ ಎಣಿಸಿದಷ್ಟು ಸಲೀಸಾಗಿರಲಿಲ್ಲ. ಓಡಲು ಹೋದರೆ ಸೊಂಟ ಹಿಡಿಯುತ್ತಿತ್ತು, ಜಿಗಿದರೆ ಮೈ ತನ್ನದಲ್ಲ ಅನ್ನಿಸುತ್ತಿತ್ತು. ಕಣದ ಸುತ್ತ ನಡೆಯುವುದರಿಂದ ಶುರುಮಾಡಿದಳು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕೆಂಚಮ್ಮನೂ ಹಿಂದೆ ನಡೆಯುತ್ತಿದ್ದಳು. ಹೊಲದಲ್ಲಿ ಕೆಲಸ ಮಾಡುವವರು, "ಇದೇನ್ ಕೆಂಚಮ್ಮ, ಕಣದಾಗೆ ಅತ್ತೆ ಸೊಸೆ ಪ್ರದಕ್ಷಿಣೆ?" ಎಂದು ನಗುತ್ತಿದ್ದರು. "ನಮ್ ಹುಡ್ಗಿಗೆ ಪರೀಕ್ಸೆ ಅದೆ" ಎನ್ನುತ್ತಿದ್ದಳು ಕೆಂಚಮ್ಮ.

ಪ್ರಾಯೋಗಿಕ ಪರೀಕ್ಷೆಯ ದಿನ ಅತ್ತೆ, ಸೊಸೆ, ಮಗು ಮೂವರೂ ತುಮಕೂರಿಗೆ ಹೋದರು. ಕೆಂಚಮ್ಮ ಅಷ್ಟು ದೊಡ್ಡ ಮೈದಾನ ನೋಡಿದ್ದು ಅದೇ ಮೊದಲು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮರದಡಿ ಕೂತವಳ ಹತ್ತಿರ ಎತ್ತರದ ಹುಡುಗನೊಬ್ಬ ಬಂದು ಬಗ್ಗಿ ನೋಡಿದ. "ಏನಪ್ಪ ಮಗ, ನೀನ್ಯಾರು?" ಎಂದು ಕೆಂಚಮ್ಮ ಕೇಳಿದ್ದೇ ತಡ, "ಅಯ್ಯೋ, ಮಜ್ಜಿಗೆ ಅಜ್ಜಿ! ದನಿ ಕೇಳಿ ಗೊತ್ತಾಯ್ತು" ಎಂದು ಕೂಗಿದ. ಪರದೆಯ ಚೌಕಗಳಲ್ಲಿ ಕಂಡಿದ್ದ ಮುಖಗಳೆಲ್ಲ ಕೈಕಾಲು ಬಂದವರ ಹಾಗೆ ಸುತ್ತ ನೆರೆದವು. ಮಗು ಕೈಯಿಂದ ಕೈಗೆ ಹೋಯಿತು.

ಓಟದಲ್ಲಿ ಲೋಹಿತಾ ಎಲ್ಲರಿಗಿಂತ ಹಿಂದೆ ಬಿದ್ದಳು. ಉಳಿದವರು ಮುಗಿಸಿ ನೀರು ಕುಡಿಯುತ್ತಿದ್ದಾಗ ಅವಳು ಇನ್ನೂ ಆಚೆ ತಿರುವಿನಲ್ಲಿದ್ದಳು. ಉಸಿರು ಸಿಗುತ್ತಿರಲಿಲ್ಲ, ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ನಿಂತುಬಿಡೋಣ ಅನ್ನಿಸಿತು. ನಾಗಭೂಷಣ್ ಸರ್ ಕೈಯಲ್ಲಿ ಗಡಿಯಾರ ಹಿಡಿದು ಗೆರೆಯ ಹತ್ತಿರ ನಿಂತಿದ್ದವರು ಏನೂ ಕೂಗಲಿಲ್ಲ. ಅಷ್ಟು ಕೂಗುವ ಮನುಷ್ಯ ಬಾಯಿ ಮುಚ್ಚಿಕೊಂಡು ತುಟಿ ಕಚ್ಚಿ ನಿಂತಿದ್ದು ದೂರದಿಂದಲೂ ಕಂಡಿತು. ಅವಳು ನಿಲ್ಲಲಿಲ್ಲ. ಗೆರೆ ದಾಟಿ ಮಂಡಿಯೂರಿದಾಗ ಸರ್ ಗಡಿಯಾರ ನೋಡಿ, "ಪಾಸಾಗೋಕೆ ಸಾಕು" ಎಂದರು. ಆಮೇಲೆ ಮುಖ ಆಚೆ ತಿರುಗಿಸಿ ಮುಂದಿನವರ ಹೆಸರು ಕೂಗಿದರು.

ಮಧ್ಯಾಹ್ನ ವಾಲಿಬಾಲ್. ಅಷ್ಟು ದಿನ ಕೆಂಚಮ್ಮ ಸೊಸೆ ಮೊಬೈಲಿನ ಮುಂದೆ ಕೈ ಆಡಿಸುವುದನ್ನಷ್ಟೇ ಕಂಡಿದ್ದಳು, ಆಡುವುದನ್ನು ಕಂಡಿರಲಿಲ್ಲ. ನೆಟ್ಟಿನ ಪಕ್ಕ ನಿಂತ ಹುಡುಗಿ ಬೇರೆಯೇ ಯಾರೋ ಆಗಿದ್ದಳು. ಎಲ್ಲೆಲ್ಲಿಂದಲೋ ಬಿರುಸಾಗಿ ಬರುವ ಚೆಂಡು ಅವಳ ಬೆರಳ ತುದಿಗೆ ಬಂದು ಸಾಧುವಾಗಿ ಮೇಲೇರುತ್ತಿತ್ತು. ಯಾರೋ ಹಾರಿ ಹೊಡೆಯುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೆಂಚಮ್ಮ ಪಕ್ಕದಲ್ಲಿದ್ದ ಹುಡುಗಿಯ ತೋಳು ಹಿಡಿದು ಕೇಳಿದಳು, "ಅಲ್ಲಾ ಕಣವ್ವ, ಎತ್ತಿ ಕೊಡೋಳು ನಮ್ ಲೋಹಿತಾ, ಚಪ್ಪಾಳೆ ಮಾತ್ರ ಆ ಹೊಡೆಯೋಳಿಗ್ಯಾಕೆ?"

ವಾಪಸು ಬರುವಾಗ ಬಸ್ಸಿನಲ್ಲಿ ಗೊರವನಹಳ್ಳಿಗೆ ಹೋಗುವ ಜನ ತುಂಬಿದ್ದರು. ಹೂವು, ತೆಂಗಿನಕಾಯಿಯ ಚೀಲಗಳ ನಡುವೆ ಸೀಟು ಸಿಕ್ಕಿದ್ದು ಕೆಂಚಮ್ಮನಿಗೆ ಮಾತ್ರ. ಅವಳು ಎದ್ದು ಸೊಸೆಯನ್ನು ಕೂರಿಸಿದಳು. "ನೀನು ಓಡಿದ್ದೀಯ, ಕುತ್ಕ" ಎಂದು, ತಾನು ಕಂಬಿ ಹಿಡಿದು ನಿಂತಳು.

ಲೋಹಿತಾ ಈಗ ಕೊರಟಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮೇಡಂ. ಅತಿಥಿ ಶಿಕ್ಷಕಿಯ ಕೆಲಸ, ಕಾಯಂ ಆಗಿಲ್ಲ. ಫೋನಿನಲ್ಲಿ ಕಲಿತದ್ದರ ಕೊರತೆ ಅವಳಿಗೆ ಗೊತ್ತು. ಮೊದಲ ತಿಂಗಳಲ್ಲೇ ಹುಡುಗನೊಬ್ಬ ಎತ್ತರ ಜಿಗಿಯಲು ಹೋಗಿ ಬಿದ್ದ. ಅವನು ಜಾರುವ ಮೊದಲೇ ಹೋಗಿ ಆತುಕೊಳ್ಳಬೇಕಿತ್ತು, ಎಷ್ಟು ಹತ್ತಿರ ನಿಲ್ಲಬೇಕು ಎನ್ನುವುದು ಅವಳ ಮೈಗೆ ಇನ್ನೂ ಬಂದಿರಲಿಲ್ಲ. ಹುಡುಗನಿಗೆ ಮೊಣಕೈ ತರಚಿದ್ದಷ್ಟೇ. ಅವಳು ಮಾತ್ರ ಅಂದಿನಿಂದ ರಜೆ ಸಿಕ್ಕಾಗಲೆಲ್ಲ ತುಮಕೂರಿಗೆ ಹೋಗಿ ನಾಗಭೂಷಣ್ ಸರ್ ಪಕ್ಕ ನಿಂತು ಕಲಿತಳು. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರೂ ಬೆಳಿಗ್ಗೆ ಮೈದಾನಕ್ಕೆ ಬರುವುದನ್ನು ಬಿಟ್ಟಿರಲಿಲ್ಲ.

ಫೋನು ಕಲಿಸಿದ ಒಂದು ವಿಷಯವೂ ಇತ್ತು. ಮಾತಿನಲ್ಲಿ ತಿಳಿಸುವುದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ಸಲ ಹೊಟ್ಟೆನೋವು ಎಂದು ಜಗಲಿಯ ಮೇಲೆ ಕೂರುತ್ತಿದ್ದಳು. ಹೋದ ವಾರ ಲೋಹಿತಾ ಹೋಗಿ ಅವಳ ಪಕ್ಕದಲ್ಲೇ ಕೂತಳು, ಗದರಿಸಲಿಲ್ಲ. "ನಿಜವಾಗ್ಲೂ ನೋವಾ, ಇಲ್ಲ ಹೆದರಿಕೆನಾ?" ಎಂದು ಕೇಳಿದಳು. ಹುಡುಗಿ ಮೈದಾನದ ಕಡೆ ನೋಡುತ್ತಾ, "ಎಲ್ಲಾರೂ ನೋಡ್ತಾರೆ ಮಿಸ್, ನಂಗೆ ಆಡಕ್ಕೆ ಬರಲ್ಲ" ಎಂದಳು.

"ಆಡೋದು ಬೇಡ. ನಂಗೆ ರೆಫ್ರಿ ಬೇಕು. ಬರ್ತೀಯಾ?" ಲೋಹಿತಾ ತನ್ನ ಕೊರಳಿನ ವಿಷಲ್ ಬಿಚ್ಚಿ ಅವಳ ಕೈಗೆ ಕೊಟ್ಟಳು. ಹುಡುಗಿ ಅದನ್ನು ಲಂಗದ ಅಂಚಿಗೆ ಒರೆಸಿಕೊಂಡು, ನಾಚುತ್ತಾ ನೆಟ್ಟಿನ ಕಡೆಗೆ ನಡೆದಳು. ಮೊದಲ ಊದು ಬರೀ ಗಾಳಿ. ಎರಡನೆಯದು ಎಷ್ಟು ಜೋರಾಗಿತ್ತೆಂದರೆ, ಆಡುತ್ತಿದ್ದವರೆಲ್ಲ ಚೆಂಡು ಬಿಟ್ಟು ಅವಳ ಕಡೆ ತಿರುಗಿ ನಿಂತರು.